ಕಾಡುಕಿಚ್ಚನ್ನು ಆಕಾಶದಿಂದ ನೋಡುವ ಬಗೆ

ಕಾಡಂಚಿನ ಗ್ರಾಮಗಳ ಮುಖಂಡರೂ ಜಮೀನುದಾರರೂ ಈಚೆಗೆ ನಮ್ಮನ್ನು ಕೇಳುವ ಪ್ರಶ್ನೆಯೊಂದುಂಟು. ಆಕಾಶದಲ್ಲಿ ಉಪಗ್ರಹಗಳು ಹಗಲಿರುಳೂ ತಿರುಗುತ್ತಿರುವಾಗ, ಬೇಸಿಗೆಯಲ್ಲಿ ಬೆಟ್ಟದ ಮೇಲೆ ಕಾವಲಾಳುಗಳನ್ನು ನಿಲ್ಲಿಸುವುದೇಕೆ? ಪ್ರಶ್ನೆಯು ಯುಕ್ತವಾದುದೇ ಆಗಿದೆ. ಆ ಯಂತ್ರಗಳು ಏನನ್ನು ಕಾಣಬಲ್ಲವು, ಏನನ್ನು ಕಾಣಲಾರವು ಎಂಬುದನ್ನು ತಿಳಿದರೆ ಉತ್ತರವು ತಾನಾಗಿ ದೊರೆಯುವುದು.

ಉಪಗ್ರಹವು ಬೆಂಕಿಯನ್ನು ಗುರುತಿಸುವುದು ಹೊಗೆಯಿಂದಲ್ಲ, ಕಾವಿನಿಂದ. ಉರಿಯುವ ನೆಲದಿಂದ ಹೊರಡುವ, ಕಣ್ಣಿಗೆ ಕಾಣದ ಕಿರಣಗಳನ್ನು ಗ್ರಹಿಸಿ, ಸುತ್ತಲಿಗಿಂತ ಹೆಚ್ಚು ಕಾದ ಜಾಗವನ್ನು ಅದು ತಿಳಿಸುತ್ತದೆ. 2011ರಲ್ಲಿ ಅಮೆರಿಕದವರು ಹಾರಿಸಿದ ಸುವೋಮಿ ಉಪಗ್ರಹಕ್ಕೂ, ಅನಂತರ ಬಂದ ಅದರ ಜೊತೆಯವಕ್ಕೂ ಅಳವಡಿಸಿದ ‘ವೀರ್ಸ್’ ಎಂಬ ಉಪಕರಣವು ನೆಲವನ್ನು 375 ಮೀಟರಿನ ಚೌಕಗಳಾಗಿ ನೋಡತಕ್ಕದ್ದು. ಒಂದು ಚೌಕವೆಂದರೆ ಸುಮಾರು 35 ಎಕರೆ. ನಕ್ಷೆಯಲ್ಲಿ ಚುಕ್ಕೆಯು ಚೌಕದ ನಡುವೆ ಬೀಳುತ್ತದೆ. ಬೆಂಕಿಯು ಯಾವ ಮೂಲೆಯಲ್ಲಿಯಾದರೂ ಇರಬಹುದು. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯವರು ಇಂಥ ಚುಕ್ಕೆಗಳನ್ನು ಅರಣ್ಯದ ಎಲ್ಲೆಯೊಡನೆ ಹೋಲಿಸಿ, ಒಳಗೆ ಬಿದ್ದವುಗಳ ವರ್ತಮಾನವನ್ನು ಮೊಬೈಲಿಗೆ ಕಳುಹಿಸುತ್ತಾರೆ. ಹೆಸರು ನೋಂದಾಯಿಸಿದ ಗ್ರಾಮಸ್ಥರಿಗೂ ಇದು ಬರುವುದು.

ಆದರೆ ಇವು ನಮ್ಮ ನೆತ್ತಿಯ ಮೇಲೆ ಹಾದುಹೋಗುವುದು ಹಗಲು ಒಂದೂವರೆ ಗಂಟೆಯ ಆಸುಪಾಸಿನಲ್ಲಿ ಮತ್ತು ರಾತ್ರಿ ಅದೇ ವೇಳೆಯಲ್ಲಿ. ಮಧ್ಯಾಹ್ನ ಮೂರಕ್ಕೆ ಹೊತ್ತಿದ ಕಿಚ್ಚು ನಡುರಾತ್ರಿ ಕಳೆಯುವವರೆಗೂ ಅವುಗಳಿಗೆ ತಿಳಿಯದು. ಒಂದೇ ಕಡೆ ನಿಂತಂತೆ ಸದಾ ನೋಡುವ ನಮ್ಮ ಇನ್ಸಾಟ್ ಉಪಗ್ರಹಗಳಿಗೋ ಸಣ್ಣ ಬೆಂಕಿ ಕಾಣಿಸದು.

ಆ ಅವಧಿಯಲ್ಲಿ ಏನಾಗಬಹುದೆಂಬುದು 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಕಂಡುಬಂತು. ಒಣಗಿದ ಲಾಂಟಾನ ಪೊದೆಗಳ ಮೂಲಕ, ಗಾಳಿಯ ಸಹಾಯದಿಂದ, ಕಿಚ್ಚು ಬೆಟ್ಟದಿಂದ ಬೆಟ್ಟಕ್ಕೆ ದಾಟಿತು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿಯಬೇಕಾಯಿತು. ಉಪಗ್ರಹಚಿತ್ರಗಳಿಂದ ಅಳೆದು ನೋಡಲಾಗಿ ಹತ್ತು ಸಾವಿರ ಎಕರೆಗೂ ಮೇಲ್ಪಟ್ಟು ಸುಟ್ಟಿತ್ತು.

ಇನ್ನು ಡ್ರೋನ್. ಬ್ಯಾಟರಿಯಿಂದ ಹಾರುವ ಸಾಮಾನ್ಯ ಡ್ರೋನು ಸುಮಾರು ಅರ್ಧ ಗಂಟೆ ಮಾತ್ರ ಹಾರುವುದು, ಬಿರುಗಾಳಿಗೆ ಅಂಜುವುದು. ಆದುದರಿಂದ ಇಡೀ ಕಾಡನ್ನು ಕಾಯುವುದು ಅದರಿಂದಾಗದು. ಜಾಗವನ್ನು ನಾವೇ ತೋರಿಸಬೇಕು. ತೋರಿಸಿದ ಮೇಲೆ ಅದರ ಉಪಕಾರ ಅಲ್ಪವಲ್ಲ. ಜ್ವಾಲೆ ಆರಿದ ಬಳಿಕ ಬೂದಿಯೊಳಗೆ ಹೊಗೆಯಾಡುವ ಕೊರಡುಗಳನ್ನು ಕಾವು ಗ್ರಹಿಸುವ ಕ್ಯಾಮೆರಾ ಕಂಡುಹಿಡಿಯುತ್ತದೆ. ಈ ಕೆಲಸಕ್ಕೆ ಬೆಳಗಿನ ಜಾವವೇ ಉತ್ತಮ. ಹಗಲು ಬಿಸಿಲಿಗೆ ಬಂಡೆಗಳೂ ಕಾದು ಕೊರಡುಗಳಂತೆಯೇ ತೋರುತ್ತವೆ.

ಈ ಲೇಖಕನು ಕಂಡ ಸಂಗತಿಯೊಂದನ್ನು ಇಲ್ಲಿ ಹೇಳಬೇಕು. ಗೌರವಸ್ಥರಾದ ಒಬ್ಬ ಜಮೀನುದಾರರು ಕಾಡಿಗೆ ತಾಗಿದ ಹೊಲದಲ್ಲಿ ನಡುಹಗಲು ಕಬ್ಬಿನ ತರಗನ್ನು ಸುಡಿಸಿದರು. ಚುಕ್ಕೆಯು ಎಲ್ಲೆಯೊಳಗೆ ಬಿತ್ತು. ಕಾವಲಿನವರೆಲ್ಲರೂ ಅಲ್ಲಿಗೆ ಓಡಿದರು. ಅಷ್ಟರಲ್ಲಿ ಬೆಟ್ಟದ ಆಚೆಯ ಮಗ್ಗುಲಿನಲ್ಲಿ ನಿಜವಾದ ಕಿಚ್ಚು ಹೊತ್ತಿತು. ಅದನ್ನು ಆರಿಸಲು ಆಳುಗಳಿರಲಿಲ್ಲ. “ಸ್ವಾಮಿ, ನನ್ನ ಹೊಲದಲ್ಲಿ ನಾನು ಸುಟ್ಟರೆ ತಪ್ಪೇನು?” ಎಂದು ಅವರು ಕೇಳಿದಾಗ, ಅವರ ದನಗಳೇ ಮೇಯುತ್ತಿದ್ದ ಆ ಮಗ್ಗುಲನ್ನು ತೋರಿಸಿದೆನು.

ತರಗನ್ನು ಸುಡದೆ ಕೂಳೆಯ ಸಾಲುಗಳ ನಡುವೆ ಹರಡಿದಲ್ಲಿ ನೆಲದ ತೇವವು ಉಳಿಯುವುದು, ಕಳೆಯೂ ಕಡಿಮೆಯಾಗುವುದು. ಇದನ್ನೇ ನಾವು ಶಿಫಾರಸು ಮಾಡುತ್ತೇವೆ. ಸುಡಲೇಬೇಕೆಂಬವರು ಹಿಂದಿನ ದಿನವೇ ಸರ್ವೆ ನಂಬರನ್ನೂ ಸುಡುವ ವೇಳೆಯನ್ನೂ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ತಿಳಿಸಿ, ಅವರ ಒಪ್ಪಿಗೆ ಬಂದ ಮೇಲೆ, ಹೊಲದ ಸುತ್ತ ತರಗನ್ನು ಬಳಿದು ಬರಿನೆಲ ಮಾಡಿ, ನೀರಿನೊಡನೆ ಆಳುಗಳನ್ನು ನಿಲ್ಲಿಸಿಕೊಂಡೇ ಬೆಂಕಿಯಿಡತಕ್ಕದ್ದು.