ಹೆಸರಿಗಿಂತ ಮುಂಚೆ ಕೆಲಸ: ಚಿತ್ರವಿದ್ಯೆಯ ಹಾದಿ ಹಿಡಿದ ಮಕ್ಕಳಿಗೆ

ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆ ಎಂದೊಡನೆ ಸುತ್ತಿನ ಸೀಮೆಯ ಜನರಿಗೆ ನೆನಪಾಗುವುದು ಅಲ್ಲಿಯ ಗರುಡದೇವರ ಸನ್ನಿಧಿ. ಅದೇ ಹೋಬಳಿಗೆ ಸೇರಿದ ಸಣ್ಣ ಊರು ನಾಗತಿಹಳ್ಳಿ. ಅಲ್ಲಿ ಸ್ಟುಡಿಯೋ ಇಲ್ಲ, ಚಿತ್ರಶಾಲೆಯೂ ಇಲ್ಲ. ಆದರೂ ೧೯೯೨ರಿಂದ ಈಚೆಗೆ ಆ ಊರಿನ ಹೆಸರು ಕನ್ನಡ ಚಿತ್ರಗಳ ಟೈಟಲ್ ಕಾರ್ಡಿನಲ್ಲಿ ಮತ್ತೆ ಮತ್ತೆ ಮೂಡಿಬಂದಿದೆ. ಊರ ಹೆಸರನ್ನೇ ತಮ್ಮ ಹೆಸರಿನ ಮುಂದಿಟ್ಟುಕೊಂಡ ನಾಗತಿಹಳ್ಳಿ ಚಂದ್ರಶೇಖರರಿಂದ ಆ ಊರಿಗೆ ಒದಗಿದ ಮನ್ನಣೆ ಇದು.

ವೈದ್ಯವೃತ್ತಿ, ಇಂಜಿನಿಯರಿಂಗ್, ಸರ್ಕಾರಿ ನೌಕರಿ ಇವಿಷ್ಟೇ ಮಕ್ಕಳ ಮುಂದಿನ ಹಾದಿಗಳೆಂದು ನಂಬಿದ ನಮ್ಮ ಮನೆಗಳಲ್ಲಿ ಇಂದು ಹೊಸದೊಂದು ಮಾತು ಕೇಳಿಬರುತ್ತಿದೆ. “ಅಪ್ಪಾಜಿ, ನಾನು ಸಿನಿಮಾ ಕಲಿಯುತ್ತೇನೆ” ಎಂದು ಮಗನೋ ಮಗಳೋ ಹೇಳಿದಾಗ ತಂದೆಯ ಮುಖ ಬಾಡುತ್ತದೆ, ತಾಯಿ ದೇವರ ಕೋಣೆಯತ್ತ ನೋಡುತ್ತಾಳೆ. ಈ ಆತಂಕ ನಿರಾಧಾರವಾದುದಲ್ಲ. ಹೊಲ ಮಾರಿ ಗಾಂಧಿನಗರಕ್ಕೆ ಹೋಗಿ ಬರಿಗೈಯಲ್ಲಿ ಮರಳಿದವರ ಕಥೆಗಳು ಊರೂರಲ್ಲಿ ಇವೆ. ಆದರೆ ಹೆದರಿ ಬಾಗಿಲು ಮುಚ್ಚುವುದಾಗಲಿ, ಕುರುಡು ಮಮತೆಯಿಂದ ಹಣ ಸುರಿಯುವುದಾಗಲಿ ಪರಿಹಾರವಲ್ಲ. ಈ ವಿದ್ಯೆಯಲ್ಲಿ ಅನುಭವ ಹೇಗೆ ಕೂಡಿಬರುತ್ತದೆ, ಹೆಸರು ಹೇಗೆ ಹರಡುತ್ತದೆ ಎಂಬುದನ್ನು ನಿಜವಾಗಿ ನಡೆದುಬಂದವರ ಹೆಜ್ಜೆಗಳಿಂದ ಅರಿಯುವುದು ಮೇಲೆಂದು ನಾವು ಭಾವಿಸುತ್ತೇವೆ.

ಬರವಣಿಗೆಯಿಂದ ಬೆಳ್ಳಿತೆರೆಗೆ

ನಾಗತಿಹಳ್ಳಿ ಚಂದ್ರಶೇಖರರು ಮೊದಲಿಗೆ ಕಥೆಗಾರರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ಮಾಡಿ, ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿ ಪಾಠ ಹೇಳಿದವರು. ಕಥೆ ಹೇಳುವ ಕಲೆಯನ್ನು ಕಾಗದದ ಮೇಲೆ ಪಳಗಿಸಿಕೊಂಡ ಮೇಲೆಯೇ ಅವರು ೧೯೯೨ರಲ್ಲಿ ‘ಉಂಡೂ ಹೋದ ಕೊಂಡೂ ಹೋದ’ ಚಿತ್ರದಿಂದ ನಿರ್ದೇಶಕರಾದರು. ಹಳ್ಳಿಯ ಬದುಕನ್ನು ನಗೆಯೊಡನೆ ತೋರಿದ ಆ ಚಿತ್ರವನ್ನು ಜನ ಇಂದಿಗೂ ನೆನೆಯುತ್ತಾರೆ. ಅನಂತರ ಕುಂ. ವೀರಭದ್ರಪ್ಪನವರ ಕಥೆಯನ್ನು ಆಧರಿಸಿದ ‘ಕೊಟ್ರೇಶಿ ಕನಸು’ ಬಂದಿತು, ‘ಅಮೆರಿಕಾ ಅಮೆರಿಕಾ’ ಬಂದಿತು. ಇವೆರಡಕ್ಕೂ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ದೊರೆಯಿತು.

ಇಲ್ಲಿ ಎರಡು ಸಂಗತಿಗಳು ಗಮನಾರ್ಹ. ಮೊದಲನೆಯದು, ಅವರ ಓದು ಮತ್ತು ಉದ್ಯೋಗ ಚಿತ್ರರಂಗದ ಕನಸಿಗೆ ಅಡ್ಡಿಯಾಗಲಿಲ್ಲ, ಆಸರೆಯಾದವು. ಎರಡನೆಯದು, ಮುಂದೆ ಅವರೇ ಬೆಂಗಳೂರಿನಲ್ಲಿ ‘ಟೆಂಟ್ ಸಿನಿಮಾ’ ಎಂಬ ಚಿತ್ರಶಾಲೆಯನ್ನು ಕಟ್ಟಿದರು. ಊರ ಬಯಲಿನ ಡೇರೆಯಲ್ಲಿ ಚಿತ್ರ ನೋಡಿ ಬೆಳೆದ ತಲೆಮಾರಿನ ನೆನಪನ್ನು ಆ ಹೆಸರು ಉಳಿಸಿಕೊಂಡಿದೆ. ಪುಸ್ತಕದ ದಾರಿಯಿಂದ ಚಿತ್ರರಂಗಕ್ಕೆ ಬಂದವರು ಹೊಸಬರಿಗೆ ಕ್ರಮವಾದ ಶಿಕ್ಷಣ ಬೇಕೆಂದು ಮನಗಂಡುದು ಅರ್ಥಪೂರ್ಣವಲ್ಲವೇ?

ಮಂಡ್ಯದ ಹಳ್ಳಿ, ಲೊಕಾರ್ನೋದ ಗೌರವ

ಇದೇ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನವರು ಈರೇಗೌಡರು. ಚೆಕ್ ದೇಶದ ಪ್ರಾಗ್ ನಗರದಲ್ಲಿ ಚಿತ್ರನಿರ್ಮಾಣ ಕಲಿತು, ಕಿರುಚಿತ್ರ ಮಾಡಿ ಕೈ ಪಳಗಿಸಿಕೊಂಡಿದ್ದ ರಾಮ್ ರೆಡ್ಡಿ ಎಂಬ ಯುವಕರು ಇವರೊಡನೆ ಕೂಡಿ ‘ತಿಥಿ’ ಚಿತ್ರವನ್ನು ರೂಪಿಸಿದರು. ನೂರು ದಾಟಿದ ಅಜ್ಜನ ಸಾವು, ಹನ್ನೊಂದನೆಯ ದಿನದ ತಿಥಿ, ಮನೆಯೊಳಗಿನ ಜಮೀನಿನ ಆಸೆ ಇವೇ ಅದರ ವಸ್ತು. ವೃತ್ತಿನಟರನ್ನು ಹುಡುಕದೆ ಹಳ್ಳಿಗರನ್ನೇ ಪಾತ್ರಧಾರಿಗಳನ್ನಾಗಿ ಮಾಡಿದರು. ೨೦೧೫ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೋ ಚಿತ್ರೋತ್ಸವದ ಹೊಸ ನಿರ್ದೇಶಕರ ವಿಭಾಗದಲ್ಲಿ ಅದಕ್ಕೆ ಸುವರ್ಣ ಚಿರತೆ ಪ್ರಶಸ್ತಿ ಬಂದಿತು. ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಸಂದು, ೨೦೧೬ರಲ್ಲಿ ಕರ್ನಾಟಕದ ಚಿತ್ರಮಂದಿರಗಳಲ್ಲಿ ಜನ ಅದನ್ನು ಮೆಚ್ಚಿ ನೋಡಿದರು. ಈರೇಗೌಡರು ಮುಂದೆ ತಾವೇ ನಿರ್ದೇಶಿಸಿದ ‘ಬಳೆಕೆಂಪ’ ೨೦೧೮ರಲ್ಲಿ ರಾಟರ್‌ಡ್ಯಾಮ್ ಚಿತ್ರೋತ್ಸವದಲ್ಲಿ ಅಂತಾರಾಷ್ಟ್ರೀಯ ವಿಮರ್ಶಕರ ಪ್ರಶಸ್ತಿ ಪಡೆಯಿತು.

ಹೊರನಾಡಿನ ಚಿತ್ರಶಾಲೆ ರಾಮ್ ರೆಡ್ಡಿಯವರಿಗೆ ತಂತ್ರವನ್ನು ಕಲಿಸಿತು. ಹಳ್ಳಿಯ ಜಗುಲಿ, ಕುರಿಹಟ್ಟಿ, ಕಬ್ಬಿನ ಗದ್ದೆಗಳ ಒಳಗುಟ್ಟನ್ನು ಯಾವ ಶಾಲೆಯೂ ಕಲಿಸಲಾರದು. ಅದು ಈರೇಗೌಡರಲ್ಲಿ ಇತ್ತು. ನಮ್ಮ ಊರಿನ ಮಕ್ಕಳು ತಮ್ಮ ಹಳ್ಳಿತನವನ್ನು ಕೊರತೆಯೆಂದು ಎಣಿಸಿ ಕುಗ್ಗಬೇಕಾಗಿಲ್ಲ. ಅದೇ ಅವರ ಮೂಲ ಬಂಡವಾಳ.

ವಿದ್ಯಾರ್ಥಿಯ ಕಿರುಚಿತ್ರಕ್ಕೆ ಸಂದ ಮನ್ನಣೆ

ವಿದ್ಯಾರ್ಥಿದೆಸೆಯಲ್ಲಿ ಮಾಡಿದ ಕೆಲಸ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ೨೦೨೪ರಲ್ಲಿ ನಡೆದ ಸಂಗತಿಗಿಂತ ಬೇರೆ ನಿದರ್ಶನ ಬೇಡ. ಚಿದಾನಂದ ಎಸ್. ನಾಯ್ಕ ಅವರು ಮೈಸೂರಿನಲ್ಲಿ ವೈದ್ಯಕೀಯ ಓದಿ ಎಂ.ಬಿ.ಬಿ.ಎಸ್. ಪದವಿ ಪಡೆದವರು. ಬಳಿಕ ಪುಣೆಯ ಭಾರತೀಯ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯ ಟೆಲಿವಿಷನ್ ವಿಭಾಗದಲ್ಲಿ ಒಂದು ವರ್ಷದ ನಿರ್ದೇಶನ ಶಿಕ್ಷಣಕ್ಕೆ ಸೇರಿದರು. ವರ್ಷದ ಕೊನೆಯ ಅಭ್ಯಾಸಕ್ಕಾಗಿ ಅವರು ಆರಿಸಿಕೊಂಡದ್ದು ಕನ್ನಡದ ಒಂದು ಜನಪದ ಕಥೆ. ಮುದುಕಿಯೊಬ್ಬಳು ಊರ ಹುಂಜವನ್ನು ಕದ್ದೊಯ್ದುದರಿಂದ ಆ ಊರಿಗೆ ಬೆಳಗೇ ಆಗದೆ ಹೋಗುತ್ತದೆ. ನಮ್ಮ ಅಜ್ಜಿಯರು ಹೇಳುತ್ತಿದ್ದ ಬಗೆಯ ಈ ಕಥೆಯನ್ನು ನಾಲ್ಕು ದಿನಗಳಲ್ಲಿ ಚಿತ್ರೀಕರಿಸಿ, ೧೬ ನಿಮಿಷಗಳ ಕಿರುಚಿತ್ರವಾಗಿಸಿದರು. ‘ಸೂರ್ಯಕಾಂತಿ ಹೂಗಳಿಗೇ ಮೊದಲು ತಿಳಿಯಿತು’ ಎಂಬ ಅರ್ಥದ ಇಂಗ್ಲಿಷ್ ಹೆಸರಿನಿಂದ ಅದು ಹೊರನಾಡಿಗೆ ಹೋಯಿತು.

ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಚಿತ್ರಶಾಲೆಗಳ ವಿದ್ಯಾರ್ಥಿಗಳಿಗಾಗಿಯೇ ‘ಲಾ ಸಿನೆಫ್’ ಎಂಬ ವಿಭಾಗವಿದೆ. ಆ ವರ್ಷ ಜಗತ್ತಿನ ೫೫೫ ಚಿತ್ರಶಾಲೆಗಳಿಂದ ಬಂದ ೨,೨೬೩ ಚಿತ್ರಗಳಲ್ಲಿ ಸ್ಪರ್ಧೆಗೆ ಆಯ್ಕೆಯಾದವು ಕೇವಲ ೧೮. ಅವುಗಳಲ್ಲಿ ಮೊದಲ ಬಹುಮಾನ ಈ ಕನ್ನಡ ಚಿತ್ರಕ್ಕೆ ಬಂದಿತು. ಬಹುಮಾನದ ಮೊತ್ತ ೧೫,೦೦೦ ಯೂರೋ.

ಇದು ಒಬ್ಬರ ಗೆಲುವಲ್ಲ. ಛಾಯಾಗ್ರಹಣ ಮಾಡಿದ ಸೂರಜ್ ಠಾಕೂರ್, ಸಂಕಲನ ಮಾಡಿದ ಮನೋಜ್ ವಿ., ಶಬ್ದವನ್ನು ನೋಡಿಕೊಂಡ ಅಭಿಷೇಕ್ ಕದಂ ಇವರೂ ವಿದ್ಯಾರ್ಥಿಗಳೇ. ನಾಲ್ವರು ನಾಲ್ಕು ವಿದ್ಯೆಗಳನ್ನು ಒಂದೆಡೆ ತಂದಾಗ ಒಂದು ಚಿತ್ರವಾಯಿತು. ಚಿತ್ರಶಾಲೆಯಿಂದ ಸಿಗುವ ನಿಜವಾದ ಲಾಭ ಪ್ರಮಾಣಪತ್ರವಲ್ಲ, ಇಂತಹ ಸಹಪಾಠಿಗಳು. ಅವರೊಡನೆ ಪ್ರಾಮಾಣಿಕವಾಗಿ ದುಡಿದವನನ್ನು ಅವರೇ ನಾಳೆ ಕೆಲಸಕ್ಕೆ ಕರೆಯುತ್ತಾರೆ.

ಇದಕ್ಕಿಂತ ಬಹು ಹಿಂದೆಯೇ ನಮ್ಮಲ್ಲಿ ಇನ್ನೊಂದು ಉದಾಹರಣೆ ಇತ್ತು. ತೀರ್ಥಹಳ್ಳಿ ತಾಲ್ಲೂಕಿನ ಗಿರೀಶ ಕಾಸರವಳ್ಳಿಯವರು ಔಷಧ ವಿಜ್ಞಾನ ಓದಿ, ಅನಂತರ ಅದೇ ಪುಣೆಯ ಸಂಸ್ಥೆಗೆ ಸೇರಿದರು. ಅಲ್ಲಿ ವಿದ್ಯಾರ್ಥಿಯಾಗಿ ಮಾಡಿದ ‘ಅವಶೇಷ್’ ಎಂಬ ಕಿರುಚಿತ್ರಕ್ಕೇ ರಾಷ್ಟ್ರಪ್ರಶಸ್ತಿ ಬಂದಿತು. ಬಿ.ವಿ. ಕಾರಂತರ ‘ಚೋಮನ ದುಡಿ’ಯಲ್ಲಿ ಸಹಾಯಕರಾಗಿ ದುಡಿದರು. ೧೯೭೭ರಲ್ಲಿ ಅವರ ಮೊದಲ ಚಿತ್ರ ‘ಘಟಶ್ರಾದ್ಧ’ ಸ್ವರ್ಣಕಮಲ ಪಡೆದಾಗ ಅವರಿನ್ನೂ ಮೂವತ್ತು ಮುಟ್ಟಿರಲಿಲ್ಲ. ಶಾಲೆಯಲ್ಲೊಂದು ಚಿತ್ರ, ಹಿರಿಯರ ಕೈಕೆಳಗೊಂದು ಚಿತ್ರ, ಅನಂತರ ಸ್ವಂತದ್ದು. ಕ್ರಮ ಎಷ್ಟು ಸರಳ!

ಅನುಭವ ಗಳಿಸುವ ಬಗೆ

ಹಾಗಾದರೆ ವಿದ್ಯಾರ್ಥಿ ಏನು ಮಾಡಬೇಕು? ಮೊದಲು ನೋಡಬೇಕು, ಓದಬೇಕು. ಬೆಂಗಳೂರಿನ ಸುಚಿತ್ರ ಫಿಲಂ ಸೊಸೈಟಿ ೧೯೭೧ರಲ್ಲಿ ಆರಂಭವಾಯಿತು. ಹೆಗ್ಗೋಡಿನ ನೀನಾಸಂ ಚಿತ್ರಸಮಾಜ ೧೯೭೩ರಿಂದ ಹಳ್ಳಿಗಾಡಿನ ಜನರಿಗೆ ಜಗತ್ತಿನ ಒಳ್ಳೆಯ ಚಿತ್ರಗಳನ್ನು ಪರಿಚಯಿಸಿತು. ಬೆಂಗಳೂರು ಅಂತಾರಾಷ್ಟ್ರೀಯ ಚಿತ್ರೋತ್ಸವದಲ್ಲಿ ವಿದ್ಯಾರ್ಥಿಗಳಿಗೆ ಶುಲ್ಕದಲ್ಲಿ ರಿಯಾಯಿತಿಯೂ ದೊರೆಯುತ್ತ ಬಂದಿದೆ. ನೂರು ಚಿತ್ರ ನೋಡದವನು ಒಂದು ಚಿತ್ರ ಮಾಡಹೊರಡುವುದು ಉಳುಮೆ ಅರಿಯದವನು ಬಿತ್ತನೆಗೆ ಇಳಿದಂತೆ.

ಎರಡನೆಯದಾಗಿ, ಕೈಯಲ್ಲಿರುವ ಸಾಧನದಿಂದಲೇ ಸಣ್ಣದನ್ನು ಮಾಡಬೇಕು. ಮೊಬೈಲ್ ಫೋನಿನಲ್ಲಿಯೇ ಚಿತ್ರ ತೆಗೆದು ಸಂಕಲನ ಮಾಡಬಹುದಾದ ಕಾಲವಿದು. ಊರ ಜಾತ್ರೆ, ಆಲೆಮನೆ, ಕುಂಬಾರನ ತಿಗರಿ, ಸೋಬಾನೆ ಹಾಡುವ ಅಜ್ಜಿ, ಹೀಗೆ ಐದು ನಿಮಿಷದ ಚಿತ್ರಕ್ಕೆ ಬೇಕಾದುದು ಮನೆಯ ಸುತ್ತಲೇ ಇದೆ. ಅರ್ಧಕ್ಕೆ ಬಿಟ್ಟ ಹತ್ತು ಚಿತ್ರಗಳಿಗಿಂತ ಪೂರ್ಣಗೊಳಿಸಿದ ಒಂದು ಕಿರುಚಿತ್ರ ಹೆಚ್ಚು ಕಲಿಸುತ್ತದೆ.

ಮೂರನೆಯದಾಗಿ, ಇತರರ ಚಿತ್ರಗಳಲ್ಲಿ ದುಡಿಯಬೇಕು. ಕ್ಲಾಪ್ ಬೋರ್ಡ್ ಹಿಡಿಯುವುದು, ಕಂಟಿನ್ಯುಟಿ ಬರೆದುಕೊಳ್ಳುವುದು, ಕಲಾವಿದರನ್ನು ಸಮಯಕ್ಕೆ ಕರೆತರುವುದು ಇವೆಲ್ಲ ಕಿರಿಯ ಕೆಲಸಗಳೆಂದು ಕಾಣಬಹುದು. ಆದರೆ ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ನಂಬಿದ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಿರ್ದೇಶನವೊಂದೇ ಚಿತ್ರವಿದ್ಯೆಯಲ್ಲ ಎಂಬುದನ್ನೂ ಮರೆಯಬಾರದು. ಮೈಸೂರಿನ ವಿ.ಕೆ. ಮೂರ್ತಿಯವರು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಸಂಸ್ಥೆಯಲ್ಲಿ ಛಾಯಾಗ್ರಹಣ ಕಲಿತು ಮುಂಬಯಿಗೆ ಹೋದರು. ಗುರುದತ್ತರ ಚಿತ್ರಗಳಿಗೆ ಬೆಳಕು ನೆರಳಿನ ಸೊಬಗು ತಂದರು. ೨೦೦೮ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯಲ್ಲಿ ಛಾಯಾಗ್ರಹಣ, ಶಬ್ದಗ್ರಹಣಗಳ ಡಿಪ್ಲೊಮಾ ಶಿಕ್ಷಣವಿದೆ. ಕ್ಯಾಮೆರಾ, ಸಂಕಲನ, ಶಬ್ದ ಬಲ್ಲವರಿಗೆ ಚಿತ್ರರಂಗದಲ್ಲಷ್ಟೇ ಅಲ್ಲದೆ ದೂರದರ್ಶನ ವಾಹಿನಿಗಳಲ್ಲಿಯೂ, ಜಾಹೀರಾತು ಸಂಸ್ಥೆಗಳಲ್ಲಿಯೂ ಅನ್ನಕ್ಕೆ ದಾರಿಯಿದೆ.

ಪ್ರಚಾರದ ಮರ್ಯಾದೆ

ಈಗ ಹೆಸರಿನ ಮಾತು. ತನ್ನ ಕೆಲಸವನ್ನು ತಾನೇ ಹೇಳಿಕೊಳ್ಳುವುದು ಅಹಂಕಾರವೆಂಬ ಸಂಕೋಚ ನಮ್ಮ ಮಕ್ಕಳಲ್ಲಿ ಇದೆ. ಮಾಡಿದ್ದನ್ನು ಮಾಡಿದಂತೆ ಹೇಳುವುದು ಅಹಂಕಾರವಲ್ಲ, ಮಾಡದ್ದನ್ನು ಹೇಳಿಕೊಳ್ಳುವುದು ಸುಳ್ಳು. ಯಾವ ಚಿತ್ರದಲ್ಲಿ, ಯಾವ ವರ್ಷ, ಯಾವ ಕೆಲಸ ಎಂಬ ಪಟ್ಟಿಯನ್ನು ಮೊದಲ ದಿನದಿಂದಲೇ ಬರೆದಿಡಬೇಕು. ಉತ್ತಮ ದೃಶ್ಯಗಳನ್ನು ಜೋಡಿಸಿ ಎರಡು ಮೂರು ನಿಮಿಷದ ಷೋರೀಲ್ ಸಿದ್ಧವಿಡಬೇಕು. ಗೆಳೆಯನ ಕೆಲಸಕ್ಕೆ ತನ್ನ ಹೆಸರು ಹಾಕಿಕೊಳ್ಳಬಾರದು. ಚಿತ್ರರಂಗ ದೊಡ್ಡದೆಂದು ಕಂಡರೂ ಒಂದು ಹಳ್ಳಿಯಷ್ಟೇ ಚಿಕ್ಕದು, ಅಲ್ಲಿ ಸುಳ್ಳು ಬೇಗ ಬಯಲಾಗುತ್ತದೆ.

ಚಿತ್ರ ಮುಗಿದೊಡನೆ ಯೂಟ್ಯೂಬಿಗೆ ಏರಿಸುವ ಆತುರವೂ ಬೇಡ. ಹಿಂದೆಲ್ಲೂ ಪ್ರದರ್ಶನಗೊಳ್ಳದ ಚಿತ್ರವನ್ನೇ ಬಯಸುವ ಚಿತ್ರೋತ್ಸವಗಳು ಹಲವು. ವಿದ್ಯಾರ್ಥಿಚಿತ್ರದ ಹಕ್ಕು ಶಾಲೆಯದೋ ವಿದ್ಯಾರ್ಥಿಯದೋ ಎಂಬುದನ್ನು ಸೇರುವಾಗಲೇ ಕೇಳಿ ತಿಳಿಯಬೇಕು. ಮೊದಲು ಒಳ್ಳೆಯ ಚಿತ್ರೋತ್ಸವಗಳಿಗೆ ಕಳುಹಿಸಿ, ಆಮೇಲೆ ಲೋಕಕ್ಕೆ ತೋರಿಸುವುದು ಜಾಣತನ.

ತಂದೆತಾಯಿಯರಲ್ಲಿ ಒಂದು ಬಿನ್ನಹ

ಮಗುವಿನ ಆಸೆಯನ್ನು ಅಳೆಯಲು ನಮ್ಮಲ್ಲಿ ಒಂದು ಸರಳ ಮಾನದಂಡವಿದೆ. ಅವನು ಸಿನಿಮಾದ ಬಗ್ಗೆ ಮಾತನಾಡುತ್ತಾನೆಯೋ, ಸಿನಿಮಾ ಮಾಡುತ್ತಾನೆಯೋ? ಒಂದು ವರ್ಷದೊಳಗೆ ಒಂದು ಪುಟ್ಟ ಚಿತ್ರವನ್ನಾದರೂ ಮುಗಿಸಿ ಮನೆಯವರ ಮುಂದಿಟ್ಟರೆ ಆ ಆಸೆಗೆ ಬೇರಿದೆ ಎಂದು ತಿಳಿಯಬಹುದು. ಮೊದಲು ಒಂದು ಪದವಿ ಮುಗಿಸಲೆಂದು ಹೇಳುವುದು ಅಡ್ಡಗಾಲಲ್ಲ. ಮೇಲೆ ಹೇಳಿದ ಸಾಧಕರಲ್ಲಿ ಒಬ್ಬರು ಅಧ್ಯಾಪಕರು, ಒಬ್ಬರು ವೈದ್ಯರು, ಒಬ್ಬರು ಔಷಧ ವಿಜ್ಞಾನ ಓದಿದವರು ಎಂಬುದನ್ನು ನೆನೆಯಿರಿ.

ಶಿಕ್ಷಣಕ್ಕೆ ಶಕ್ತ್ಯಾನುಸಾರ ಖರ್ಚು ಮಾಡಿರಿ, ಆದರೆ ಚಿತ್ರ ನಿರ್ಮಿಸಲು ಹೊಲ ಅಡವಿಡಬೇಡಿರಿ. ಹಣ ಕಟ್ಟಿದರೆ ಪಾತ್ರ ಕೊಡಿಸುತ್ತೇವೆ, ಪ್ರಶಸ್ತಿ ಕೊಡಿಸುತ್ತೇವೆ ಎನ್ನುವವರನ್ನು ಹೊಸ್ತಿಲಿನಿಂದಲೇ ಹಿಂದಿರುಗಿಸಿರಿ. ಹೆಣ್ಣುಮಕ್ಕಳು ಈ ವಿದ್ಯೆಗೆ ಹೊರಟರೆ ಗಂಡುಮಕ್ಕಳಿಗೆ ಕೊಡುವಷ್ಟೇ ನಂಬಿಕೆಯನ್ನು ಅವರಿಗೂ ಕೊಡಿರಿ. ಅದೇ ಪುಣೆಯ ಸಂಸ್ಥೆಯಲ್ಲಿ ಕಲಿತ ಪಾಯಲ್ ಕಪಾಡಿಯಾ ಎಂಬ ತರುಣಿಯ ಚಿತ್ರಕ್ಕೆ ೨೦೨೪ರ ಅದೇ ಕಾನ್ ಉತ್ಸವದಲ್ಲಿ ಗ್ರಾಂ ಪ್ರಿ ಪ್ರಶಸ್ತಿ ದೊರೆತುದನ್ನು ಅವರಿಗೆ ಹೇಳಿರಿ.

ಎಲ್ಲರೂ ಕಾನ್‌ಗೆ ಹೋಗಲಾರರು, ಎಲ್ಲರಿಗೂ ಕಮಲ ದೊರೆಯಲಾರದು. ಆದರೆ ತನ್ನ ಊರಿನ ಕಥೆಯನ್ನು ನಿಷ್ಠೆಯಿಂದ ಕಟ್ಟಿಕೊಡಬಲ್ಲ ಕೈಗೆ ಕೆಲಸ ತಪ್ಪುವುದು ಅಪರೂಪ. ಕೆಲಸ ಮುಂದೆ ನಡೆಯಲಿ, ಹೆಸರು ಹಿಂದೆ ಬರಲಿ.