ನಿಮಗಿದು ಗೊತ್ತೆ? ಹಸಿರು ಯಂತ್ರಕ್ಕೆ ಬೇಗ ಪೇಟೆಂಟ್

ಗೋಕಾಕ ಜಲಪಾತದ ನೀರು 1887ರಲ್ಲೇ ಹತ್ತಿಗಿರಣಿಗೆ ಶಕ್ತಿ ಕೊಟ್ಟಿತ್ತು. ಹುಕ್ಕೇರಿ, ಮೂಡಲಗಿ ಭಾಗದ ಸಕ್ಕರೆ ಕಾರ್ಖಾನೆಗಳ ಬಾಯ್ಲರ್ ಉರಿಯುವುದು ಕಬ್ಬಿನ ಸಿಪ್ಪೆಯಿಂದ. ಇಂಥ ಪರಿಸರಸ್ನೇಹಿ ತಂತ್ರಗಳಿಗೆ ಬ್ರಿಟನ್ 2009ರಲ್ಲೇ ‘ಗ್ರೀನ್ ಚಾನಲ್’ ತೆರೆದು ಪೇಟೆಂಟ್ ಪರೀಕ್ಷೆಯನ್ನು ಚುರುಕುಗೊಳಿಸಿತು. ನಮ್ಮಲ್ಲಿ 2024ರ ನಿಯಮ ತಿದ್ದುಪಡಿಯಲ್ಲೂ ಹಸಿರು ಆವಿಷ್ಕಾರಕ್ಕೆಂದೇ ಪ್ರತ್ಯೇಕ ಸಾಲು ಬರಲಿಲ್ಲ, ಅದು ಬರಲೇಬೇಕು. ಆದರೂ ದಾರಿಯೊಂದಿದೆ: ಸ್ಟಾರ್ಟಪ್‌ಗಳಿಗೆ 2016ರಿಂದ, ಮಹಿಳೆಯರಿಗೆ ಮತ್ತು ಸಣ್ಣ ಉದ್ದಿಮೆಗಳಿಗೆ 2019ರಿಂದ ತ್ವರಿತ ಪರೀಕ್ಷೆಯ ಅವಕಾಶವಿದೆ. ಅದಕ್ಕೆ ತುಂಬಬೇಕಾದದ್ದು ನಮೂನೆ 18ಎ. ಬೇಸಾಯದ ವಿಧಾನಕ್ಕೆ ಪೇಟೆಂಟ್ ಸಿಗದು, ಹೊಸ ಯಂತ್ರಕ್ಕೆ ಸಿಗುತ್ತದೆ. ಕರ್ನಾಟಕದ ಅರ್ಜಿಗಳು ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ನಿಮ್ಮ ಯಂತ್ರವನ್ನು ಕೃಷಿ ಮೇಳದಲ್ಲಿ ತೋರಿಸುವ ಮೊದಲೇ ಅರ್ಜಿ ಹಾಕಿ.