ಪೈರು ಕಾಯುವ ಕೋವಿಯೂ ಅದರ ಕಾನೂನೂ

ಮೈಸೂರು ನಗರದಿಂದ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಕಡೆಗೆ ಹೋಗುವವರು ಕಾಡಂಚಿನ ಹೊಲಗಳಲ್ಲಿ ಸುಗ್ಗಿಗೆ ಮುಂಚೆ ಅಟ್ಟಣೆಗಳು ಏಳುವುದನ್ನು ನೋಡಿಯೇ ಇರುತ್ತಾರೆ. ಮುಸುಕಿನ ಜೋಳವು ಹಾಲುಗಟ್ಟುವ ಕಾಲದಲ್ಲಿಯೂ ರಾಗಿಯು ತೆನೆಬಾಗುವ ಕಾಲದಲ್ಲಿಯೂ ಹಂದಿಯ ಹಿಂಡೊಂದು ನುಗ್ಗಿತೆಂದರೆ ನಾಲ್ಕು ತಿಂಗಳ ಬೆವರು ಒಂದೇ ರಾತ್ರಿಯಲ್ಲಿ ಮಣ್ಣುಪಾಲಾಗುವುದು. ಆಗ ಹಿಡುವಳಿದಾರನ ಮನಸ್ಸು ಸಹಜವಾಗಿಯೇ ಕೋವಿಯ ಕಡೆಗೆ ಹೊರಳುತ್ತದೆ. ಆದರೆ ಕೋವಿಯನ್ನು ಇಟ್ಟುಕೊಳ್ಳುವುದಕ್ಕೆ ಒಂದು ಕಾನೂನು, ಅದರಿಂದ ಮೃಗವನ್ನು ಹೊಡೆಯುವುದಕ್ಕೆ ಮತ್ತೊಂದು ಕಾನೂನು ಇರುವುದನ್ನು ತಿಳಿಯದೆ ಪೈರನ್ನು ಉಳಿಸಹೋಗಿ ಸೆರೆಮನೆಯನ್ನು ಸೇರಿದವರುಂಟು. ಗ್ರಾಮದ ಮುಖಂಡರು ಈ ವಿಷಯವನ್ನು ಚೆನ್ನಾಗಿ ಅರಿತು ಇತರರಿಗೂ ತಿಳಿಯಹೇಳುವುದು ಅವಶ್ಯಕವಾಗಿದೆ.

ಹಿಂದಿನ ಸ್ಥಿತಿ

1878ನೆಯ ಇಸವಿಯ ಆಯುಧಗಳ ಕಾನೂನು ಬ್ರಿಟಿಷ್ ಇಂಡಿಯಾಕ್ಕಾಗಿ ಹುಟ್ಟಿದುದು. ಮೈಸೂರು ಸಂಸ್ಥಾನದ ಸ್ಥಿತಿ ಬೇರೆಯಾಗಿದ್ದಿತು. 1881ರಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರವರಿಗೆ ರಾಜ್ಯವನ್ನು ಹಿಂದಿರುಗಿಸಿದಾಗ ಬರೆದ ಪತ್ರದಲ್ಲಿಯೇ, ಗವರ್ನರ್ ಜನರಲ್ ಅವರ ಅನುಮತಿಯಿಲ್ಲದೆ ಆಯುಧಗಳನ್ನಾಗಲಿ ಮದ್ದುಗುಂಡುಗಳನ್ನಾಗಲಿ ಸಂಸ್ಥಾನದೊಳಕ್ಕೆ ತರಿಸಕೂಡದೆಂಬ ಕಟ್ಟಳೆ ಇದ್ದಿತು. ಅದೇ ಕಾಲದಲ್ಲಿ ನೆರೆಯ ಕೊಡಗಿನಲ್ಲಿ ನಡೆಯುತ್ತಿದ್ದ ಪದ್ಧತಿಯೇ ಬೇರೆ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಅವರು ಕೊಡವರಿಗೆ ಆಯುಧದ ವಿಷಯದಲ್ಲಿ ವಿನಾಯಿತಿಯನ್ನು ಕೊಟ್ಟಿದ್ದರು. ಕೈಲ್ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ಪೂಜಿಸುವ, ಗಂಡುಮಗು ಹುಟ್ಟಿದರೆ ಒಂದು ಗುಂಡನ್ನೂ ಸಾವಾದರೆ ಎರಡು ಗುಂಡುಗಳನ್ನೂ ಹಾರಿಸುವ ಆ ನಾಡಿನವರಿಗೆ ಕೋವಿಯು ಮನೆಯ ದೇವರ ಸಾಮಾನಿನಂತೆಯೇ ಸರಿ.

ಇಂದಿನ ಕಾನೂನು

ಈಗ ದೇಶಕ್ಕೆಲ್ಲಾ ಸಲ್ಲುವುದು 1959ರ ಆಯುಧಗಳ ಕಾಯಿದೆ; ಅದು 1962ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿತು. ಸಂವಿಧಾನದ ಪ್ರಕಾರ ಆಯುಧ, ಮದ್ದುಗುಂಡುಗಳು ಕೇಂದ್ರ ಸರ್ಕಾರದ ಪಟ್ಟಿಗೆ ಸೇರಿದ ವಿಷಯ; ವ್ಯವಸಾಯವು ರಾಜ್ಯದ ಪಟ್ಟಿಗೆ ಸೇರಿದುದು; ಕಾಡುಮೃಗಗಳ ರಕ್ಷಣೆಯನ್ನಾದರೋ 1976ರ ತಿದ್ದುಪಡಿಯಿಂದ ಇಬ್ಬರಿಗೂ ಸಮಾನವಾದ ಪಟ್ಟಿಗೆ ಸೇರಿಸಲಾಯಿತು. ಕೋವಿ ಒಬ್ಬರದು, ಪೈರು ಮತ್ತೊಬ್ಬರದು, ಪೈರನ್ನು ಮೇಯುವ ಹಂದಿ ಇಬ್ಬರದೂ ಎಂದರೆ ರೈತನಿಗಿರುವ ತೊಡಕಿನ ಮೂಲವು ಸುಲಭವಾಗಿ ತಿಳಿಯುತ್ತದೆ.

ಈ ಕಾಯಿದೆಯ 13ನೆಯ ಪ್ರಕರಣವು ರೈತನನ್ನು ಮರೆತಿಲ್ಲ. ನಿಜವಾದ ಬೆಳೆ ರಕ್ಷಣೆಗಾಗಿ ಬಾಯಿಯ ಕಡೆಯಿಂದ ಮದ್ದು ತುಂಬುವ ಕೋವಿಗೆ ಲೈಸೆನ್ಸನ್ನು ಕೊಡತಕ್ಕದ್ದೆಂದು ಅದರಲ್ಲಿ ಹೇಳಿದೆ. ಅಂತಹ ಕೋವಿ ಸಾಲದೆಂದು ಅಧಿಕಾರಿಗಳಿಗೆ ಮನವರಿಕೆಯಾದರೆ, 20 ಅಂಗುಲಕ್ಕೆ ಕಡಮೆಯಿಲ್ಲದ ನಳಿಗೆಯುಳ್ಳ, ಒಳಮೈ ನುಣುಪಾದ ಬೇರೆ ಕೋವಿಗೂ ಲೈಸೆನ್ಸನ್ನು ಕೊಡಬಹುದು. ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು. 2019ರ ತಿದ್ದುಪಡಿಯ ತರುವಾಯ ಒಬ್ಬನು ಎರಡಕ್ಕಿಂತ ಹೆಚ್ಚು ಕೋವಿಗಳನ್ನು ಇಟ್ಟುಕೊಳ್ಳುವಂತಿಲ್ಲ. ಮೊದಲು ಮೂರರವರೆಗೆ ಅವಕಾಶವಿದ್ದಿತು. ಲೈಸೆನ್ಸಿನ ಅವಧಿಯು ಮೂರು ವರ್ಷದಿಂದ ಐದು ವರ್ಷಕ್ಕೆ ಏರಿದೆ.

ಲೈಸೆನ್ಸು ಕೊಡುವ ಅಧಿಕಾರವು ಜಿಲ್ಲಾ ಮ್ಯಾಜಿಸ್ಟ್ರೇಟರದು, ಎಂದರೆ ಜಿಲ್ಲಾಧಿಕಾರಿಗಳದು. ಪೊಲೀಸ್ ಕಮಿಷನರು ಇರುವ ಪಟ್ಟಣಗಳಲ್ಲಿ ಆ ಅಧಿಕಾರ ಕಮಿಷನರಿಗೆ ಸೇರಿದುದು. ಮೈಸೂರು ನಗರವು ಎರಡನೆಯ ಬಗೆಯದು. ಆದುದರಿಂದ ನಗರದಲ್ಲಿ ಮನೆಮಾಡಿಕೊಂಡು ಕೋಟೆ ತಾಲ್ಲೂಕಿನಲ್ಲಿ ಜಮೀನಿಟ್ಟುಕೊಂಡಿರುವವರು ಅರ್ಜಿಯನ್ನು ಯಾರಲ್ಲಿ ಹಾಕಬೇಕೆಂಬುದನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಲೈಸೆನ್ಸಿನಲ್ಲಿ ಅದು ಸಲ್ಲುವ ಪ್ರದೇಶವನ್ನು ನಮೂದಿಸಿರುತ್ತಾರೆ. ಅದನ್ನು ಮೀರಿ ಕೋವಿಯನ್ನು ಕೊಂಡೊಯ್ಯುವುದು ತಪ್ಪು.

ಸ್ಥಳದಿಂದ ಸ್ಥಳಕ್ಕೆ ಇರುವ ವ್ಯತ್ಯಾಸ

ಕಾಯಿದೆಯು ಒಂದೇ ಆದರೂ ಅದು ಎಲ್ಲೆಲ್ಲಿಯೂ ಒಂದೇ ವಿಧವಾಗಿ ನಡೆಯುವುದಿಲ್ಲ. ಕೊಪ್ಪದ ಬಳಿ ಕಾವೇರಿಯ ಸೇತುವೆಗೆ ಈಚೆ ಪಿರಿಯಾಪಟ್ಟಣ ತಾಲ್ಲೂಕು, ಆಚೆ ಕುಶಾಲನಗರ. ಈಚೆಯ ರೈತನಿಗೆ ಲೈಸೆನ್ಸಿಲ್ಲದೆ ಕೋವಿಯಿಲ್ಲ. ಆಚೆ ಕೊಡವರಿಗೂ, ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿಯುಂಟು. 1956ರಲ್ಲಿ ಕೊಡಗು ಮೈಸೂರು ರಾಜ್ಯದೊಡನೆ ಸೇರಿದ ಮೇಲೆಯೂ ಇದು ಅಳಿಯಲಿಲ್ಲ. ಕೇಂದ್ರ ಸರ್ಕಾರದವರು 2019ರಲ್ಲಿ ಇದನ್ನು 2029ರವರೆಗೆ ಮುಂದುವರಿಸಿದರು. ಇದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕದ ಹೈಕೋರ್ಟು 2021ರಲ್ಲಿ ತಳ್ಳಿಹಾಕಿತು.

ಎರಡನೆಯ ವ್ಯತ್ಯಾಸವು ಕಾಡಿನ ನೆರೆಯಿಂದ ಬರುವುದು. 1972ರ ವನ್ಯಜೀವಿ ರಕ್ಷಣಾ ಕಾಯಿದೆಯ 34ನೆಯ ಪ್ರಕರಣದ ಮೇರೆಗೆ, ಅಭಯಾರಣ್ಯದಿಂದ 10 ಕಿಲೋಮೀಟರಿನ ಒಳಗೆ ವಾಸಿಸುವ ಕೋವಿದಾರರು ತಮ್ಮ ಹೆಸರನ್ನು ಅರಣ್ಯಾಧಿಕಾರಿಗಳಲ್ಲಿ ನೋಂದಾಯಿಸಿಕೊಳ್ಳಬೇಕು. ಅಲ್ಲಿ ಹೊಸ ಲೈಸೆನ್ಸು ಕೊಡುವುದಕ್ಕೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆಯು ಮುಂಚಿತವಾಗಿಯೇ ಬೇಕು. ರಾಷ್ಟ್ರೀಯ ಉದ್ಯಾನಗಳಿಗೂ ಇದು ಅನ್ವಯಿಸುವುದರಿಂದ ನಾಗರಹೊಳೆ, ಬಂಡೀಪುರಗಳ ಸುತ್ತಣ ಹಳ್ಳಿಗಳೆಲ್ಲವೂ ಇದಕ್ಕೆ ಒಳಪಟ್ಟಿವೆ. ಲೈಸೆನ್ಸಿನ ವಿನಾಯಿತಿಯುಳ್ಳವರಿಗೂ ಈ ನೋಂದಣಿಯಿಂದ ಬಿಡುಗಡೆಯಿಲ್ಲ. ಹೀಗೆ ಮೃಗದ ಹಾವಳಿ ಎಲ್ಲಿ ಹೆಚ್ಚೋ ಅಲ್ಲಿಯೇ ಕೋವಿ ದೊರೆಯುವುದು ಕಷ್ಟ.

ಲೈಸೆನ್ಸು ಬೇಟೆಯ ಅಪ್ಪಣೆಯಲ್ಲ

ಈ ಲೇಖನದಲ್ಲಿ ಮುಖ್ಯವಾಗಿ ಮನಸ್ಸಿಡಬೇಕಾದ ಮಾತು ಇದು. ಬೆಳೆ ರಕ್ಷಣೆಯ ಲೈಸೆನ್ಸು ಕೈಯಲ್ಲಿದ್ದ ಮಾತ್ರಕ್ಕೆ ಹಂದಿಯನ್ನಾಗಲಿ ಜಿಂಕೆಯನ್ನಾಗಲಿ ಕೊಲ್ಲುವ ಹಕ್ಕು ಬರುವುದಿಲ್ಲ. ಗಾಳಿಯಲ್ಲಿ ಗುಂಡು ಹಾರಿಸಿ ಬೆದರಿಸಿ ಓಡಿಸುವುದು ಬೇರೆ, ಕೊಲ್ಲುವುದು ಬೇರೆ. ಕಾಡುಹಂದಿಯು ಎರಡನೆಯ ಅನುಸೂಚಿಯ ಪ್ರಾಣಿ. ನಿಂತ ಪೈರಿಗೆ ಅದರಿಂದ ಅಪಾಯವಿದೆಯೆಂದು ಅಧಿಕೃತ ಅಧಿಕಾರಿಗೆ ಮನದಟ್ಟಾದರೆ, 11ನೆಯ ಪ್ರಕರಣದ ಮೇರೆಗೆ ಅವರು ಬರಹದ ಮೂಲಕ ಅಪ್ಪಣೆ ಕೊಡಬಹುದು. ಆನೆ, ಹುಲಿ, ಚಿರತೆ, ನವಿಲುಗಳು ಒಂದನೆಯ ಅನುಸೂಚಿಯವು. ಬೆಳೆ ಹಾಳಾಯಿತೆಂಬ ಕಾರಣದಿಂದ ಇವನ್ನು ಕೊಲ್ಲಲು ಅಪ್ಪಣೆ ದೊರೆಯುವಂತಿಲ್ಲ. ಕೊಂದವರಿಗೆ 3ರಿಂದ 7 ವರ್ಷಗಳ ಸಜೆಯುಂಟು. ಪ್ರಾಣರಕ್ಷಣೆಗಾಗಿ ಸದ್ಭಾವದಿಂದ ಮಾಡಿದುದು ಅಪರಾಧವಲ್ಲ. ಆದರೂ ಸತ್ತ ಮೃಗವು ಸರ್ಕಾರದ ಸ್ವತ್ತು.

ಬೇರೆ ರಾಜ್ಯಗಳವರು ಹಿಡಿದ ದಾರಿಗಳೂ ತಿಳಿದಿರಬೇಕು. 2015-16ರಲ್ಲಿ ಬಿಹಾರಿನ ನೀಲಗಾಯಿ ಮತ್ತು ಹಂದಿಗಳನ್ನೂ, ಉತ್ತರಾಖಂಡದ ಹಂದಿಗಳನ್ನೂ, ಹಿಮಾಚಲದ ಕೋತಿಗಳನ್ನೂ ಕೆಲವು ಪ್ರದೇಶಗಳಲ್ಲಿ ನಿಯತ ಅವಧಿಗೆ ಮಾತ್ರ ಉಪದ್ರವಕಾರಿಗಳೆಂದು ಕೇಂದ್ರ ಸರ್ಕಾರದವರು ಸಾರಿದ್ದರು. ನೆರೆಯ ಕೇರಳದವರು 2022ರಲ್ಲಿ ಪಂಚಾಯಿತಿಯ ಅಧ್ಯಕ್ಷರಿಗೇ ಹಂದಿಯನ್ನು ಹೊಡೆಸುವ ಅಪ್ಪಣೆ ಕೊಡುವ ಅಧಿಕಾರವನ್ನು ವಹಿಸಿದರು. ವಯನಾಡಿನ ವರ್ತಮಾನವನ್ನು ಕೇಳಿದ ಕೋಟೆ ತಾಲ್ಲೂಕಿನ ರೈತರು, ಆ ಅಪ್ಪಣೆ ತಮಗೂ ಸಲ್ಲುವುದೆಂದು ಭ್ರಮಿಸಬಾರದು. ಗಡಿಯನ್ನು ದಾಟಿದರೆ ಹಂದಿ ಅದೇ. ಅಪ್ಪಣೆ ಅದೇ ಅಲ್ಲ.

ಮುಖಂಡರು ಗಮನಿಸತಕ್ಕ ಅಂಶಗಳು

ಲೈಸೆನ್ಸುದಾರನು ತೀರಿಕೊಂಡ ಮನೆಯಲ್ಲಿ ಕೋವಿಯನ್ನು ಗೋಡೆಗೆ ತೂಗುಹಾಕಿಯೇ ಇರುವುದು ಹಳ್ಳಿಗಳಲ್ಲಿ ಕಂಡುಬರುವ ದೊಡ್ಡ ತಪ್ಪು. ಅದನ್ನು ತಡಮಾಡದೆ ಪೊಲೀಸ್ ಠಾಣೆಯಲ್ಲಾಗಲಿ ಲೈಸೆನ್ಸು ಪಡೆದ ವ್ಯಾಪಾರಿಯಲ್ಲಾಗಲಿ ಇರಿಸಿ, ವಾರಸುದಾರನು ತನ್ನ ಹೆಸರಿಗೆ ಅರ್ಜಿ ಹಾಕತಕ್ಕದ್ದು. ಲೈಸೆನ್ಸುದಾರನಿಗೆ 70 ವರ್ಷವಾಗಿದ್ದರೆ, ಅಥವಾ ಕೋವಿ 25 ವರ್ಷ ಅವನ ಕೈಯಲ್ಲಿದ್ದರೆ, ಅವನು ಬದುಕಿರುವಾಗಲೇ ವಾರಸುದಾರನಿಗೆ ವರ್ಗಾಯಿಸಲು 2016ರ ನಿಯಮಗಳಲ್ಲಿ ಅವಕಾಶವಿದೆ. ಅರ್ಜಿ ತಿರಸ್ಕೃತವಾದರೆ 18ನೆಯ ಪ್ರಕರಣದ ಮೇರೆಗೆ ಅಪೀಲು ಮಾಡಿಕೊಳ್ಳಬಹುದು.

ಲೈಸೆನ್ಸು ದೊರೆಯಲಿಲ್ಲವೆಂದು ಬೇಸತ್ತು ಬೇಲಿಗೆ ನೇರವಾಗಿ ಕರೆಂಟನ್ನು ಹಾಯಿಸುವುದು, ಉರುಲು ಒಡ್ಡುವುದು, ಸಿಡಿಮದ್ದಿನ ಉಂಡೆಯನ್ನು ಇಡುವುದು ಇವು ಕೋವಿಗಿಂತಲೂ ಕ್ರೂರವಾದುವು. ಹಂದಿಗೆಂದು ಕಟ್ಟಿದ ತಂತಿಗೆ ನೆರೆಮನೆಯ ಹಸುವೋ, ನಸುಕಿನಲ್ಲಿ ನೀರು ಕಟ್ಟಹೋದ ಮನೆಯ ಮಗನೋ ಬಲಿಯಾದರೆ ಆ ನಷ್ಟವನ್ನು ಯಾವ ಫಸಲೂ ತುಂಬಲಾರದು. ಇವೆಲ್ಲವೂ ಅಪರಾಧಗಳೆಂದು ಗ್ರಾಮಸಭೆಯಲ್ಲಿ ಸ್ಪಷ್ಟವಾಗಿ ಹೇಳಬೇಕು.

ಇವುಗಳ ಬದಲಿಗೆ ಹತ್ತಾರು ಹಿಡುವಳಿದಾರರು ಕೂಡಿ ಸೋಲಾರ್ ಬೇಲಿಯನ್ನು ಹಾಕುವುದೂ, ಸರದಿಯ ಮೇಲೆ ರಾತ್ರಿ ಕಾವಲಿರುವುದೂ, ನಷ್ಟವಾದ ಕೂಡಲೆ ಅರಣ್ಯ ಇಲಾಖೆಗೆ ತಿಳಿಸಿ ಪರಿಹಾರಕ್ಕೆ ಅರ್ಜಿ ಹಾಕುವುದೂ ಕ್ಷೇಮಕರ. ತುಳಿದ ಪೈರಿನ ಚಿತ್ರವನ್ನೂ ಪಹಣಿಯ ನಕಲನ್ನೂ ಇಟ್ಟುಕೊಂಡರೆ ಪರಿಹಾರದ ಅರ್ಜಿಗೂ, ಮುಂದೆ ಲೈಸೆನ್ಸು ಕೇಳುವ ಕಾಲಕ್ಕೂ ಅವೇ ಆಧಾರವಾಗುವುವು. ಪೈರನ್ನು ಕಾಯುವುದಕ್ಕೆ ತಂದ ಕೋವಿಯು ಮನೆಯನ್ನೇ ಹಾಳುಮಾಡಿದರೆ ಬೇಲಿಯೇ ಎದ್ದು ಹೊಲ ಮೇಯ್ದಂತಾಗುವುದು. ಕಾನೂನನ್ನು ಅರಿತು ನಡೆಯುವ ಗ್ರಾಮಕ್ಕೆ ಆ ದುರವಸ್ಥೆ ಬಾರದು.